ಒಂದು ಗುಂಡುಸೂಜಿ ಕಡಿಮೆ

ದರ್ಜಿ ಬರಿಗಾಲಲ್ಲೇ ಮಿಷನ್ ತುಳಿಯುತ್ತಿದ್ದ. ಹೊಲಿಗೆಯ ವೇಗವೆಲ್ಲ ಅಂಗಾಲಿಗೇ ಗೊತ್ತಾಗಬೇಕು, ಚಪ್ಪಲಿ ಹಾಕಿ ತುಳಿಯುವವನು ದರ್ಜಿಯೇ ಅಲ್ಲ ಅನ್ನುವುದು ಅವನ ಜಂಬ. ಆ ಅಂಗಾಲು ಎರಡು ವರ್ಷದಿಂದ ಜುಮುಜುಮು ಅಂತ ಉರಿಯುತ್ತಿತ್ತು. ಸಾಲದ್ದಕ್ಕೆ ಗಂಟೆಗೊಮ್ಮೆ ಬಚ್ಚಲಿಗೆ ಓಟ. ಗಿರಾಕಿಯ ಕೊರಳಲ್ಲಿ ಟೇಪು ಬಿಟ್ಟು ಓಡಿದ್ದೂ ಉಂಟು.

"ನಮ್ಮವರಿಗೆ ಅಳತೆಗಿಂತ ಅವಸರ ಜಾಸ್ತಿ," ಎಂದು ಗುಂಡಿ ಹಾಕುತ್ತ ಕೂತ ಹೆಂಡತಿ ನಗಿಸಿ ಸಂಭಾಳಿಸುತ್ತಿದ್ದಳು.

ಸಕ್ಕರೆ ಕಾಯಿಲೆಗೆ ಆಸ್ಪತ್ರೆಯ ಮಾತ್ರೆ ಇತ್ತು. ಉರಿ ಅದಕ್ಕೆ ಜಗ್ಗಲಿಲ್ಲ. ಆಗ ಅವಳ ಅಣ್ಣ ಹಸಿರು ಡಬ್ಬಿ ಹಿಡಿದು ಬಂದ. ನರಕ್ಕೂ ಮೂತ್ರಕೋಶಕ್ಕೂ ಒಂದೇ ಗಿಡಮೂಲಿಕೆ ಕ್ಯಾಪ್ಸೂಲು. ಮಾತಲ್ಲಿ ಅವನನ್ನು ಗೆದ್ದವರಿಲ್ಲ.

"ಆ ಮಾತ್ರೆ ಬಿಟ್ಟು ಇದನ್ನ ತಗೊಳ್ಳಿ ಭಾವ. ಮೂರು ತಿಂಗಳಲ್ಲಿ ಉರಿ ನಿಲ್ಲದಿದ್ರೆ ನನ್ನ ಹೆಸರು ಬದಲಾಯಿಸಿ."

ನಿಂತೇ ಹೋಯಿತು! ಮೊದಲು ಉರಿ ಹೋಯಿತು, ಆಮೇಲೆ ಜುಮು. ಬಚ್ಚಲ ಓಟ ದಿನಕ್ಕೆ ಎರಡಕ್ಕಿಳಿಯಿತು. ಆಗಾಗ ಅವನ ಪ್ಯಾಂಟು ನಾಲ್ಕು ಹನಿ ಒದ್ದೆಯಾದರೆ ವಯಸ್ಸಾಯಿತು ಅಂದುಕೊಂಡಳು ಹೆಂಡತಿ. ಹಳೇ ಮಾತ್ರೆಯನ್ನು ಕೈಯಾರೆ ಕಸದ ಬುಟ್ಟಿಗೆ ಹಾಕಿದವಳೂ ಅವಳೇ. ಅಷ್ಟು ಖುಷಿ ಅವಳಿಗೆ.

ಅಂಗಡಿ ಮುಚ್ಚುವಾಗ ಗುಂಡುಸೂಜಿ ಎಣಿಸಿ ಡಬ್ಬಿಗೆ ಹಾಕುವುದು ಅವಳ ಕೆಲಸ. ಹಿಂದೊಮ್ಮೆ ಕೋಟಿನೊಳಗೆ ಉಳಿದ ಸೂಜಿ ಗಿರಾಕಿಯ ಬೆನ್ನು ಗೀರಿ, ಇದ್ದ ಮಾನ ಹೋಗಿತ್ತು. ಆ ಸೋಮವಾರ ನಲವತ್ತರಲ್ಲಿ ಒಂದು ಕಡಿಮೆ ಬಂತು. ಹೊಲಿದ ಬಟ್ಟೆಯನ್ನೆಲ್ಲ ಜಾಲಾಡಿದಳು, ಸಿಗಲಿಲ್ಲ. ನಾಲ್ಕು ದಿನವಾದರೂ ಅದೇ ಯೋಚನೆ. ಶುಕ್ರವಾರ ಅವನು ಹೊಲಿಯುತ್ತಿದ್ದಂತೆಯೇ ಅಯಸ್ಕಾಂತ ಹಿಡಿದು ಮಿಷನ್ ಕೆಳಗೆ ತೂರಿದಳು.

ಏನೋ ವಾಸನೆ. ಇಲಿ ಸತ್ತಿರಬೇಕು ಅಂದುಕೊಂಡು ಕೈ ಚಾಚಿದಳು. ಟಕ್ಕೆಂದಿತು. ಅಯಸ್ಕಾಂತ ಅಂಟಿದ್ದು ಗಂಡನ ಬಲಗಾಲ ಹಿಮ್ಮಡಿಗೆ. ಸೂಜಿಯ ತಲೆಯಷ್ಟೇ ಹೊರಗಿತ್ತು. ಸುತ್ತ ಮಾಂಸ ಕಪ್ಪಾಗಿ ಕೀವಾಗಿತ್ತು. ಆ ಕಾಲು ಮಾತ್ರ ಕಟಕಟ ತುಳಿಯುತ್ತಲೇ ಇತ್ತು.

"ರೀ, ನಿಲ್ಸಿ!"

"ಇನ್ನೊಂದು ತೋಳಿದೆ ಕಣೇ, ಮುಗಿಸಿಬಿಡ್ತೀನಿ," ಅಂದ ಅವನು.

ಆಸ್ಪತ್ರೆಯಲ್ಲಿ ಅವನ ಉಬ್ಬಿದ ಕಿಬ್ಬೊಟ್ಟೆ ನೋಡಿ ನಳಿಕೆ ಹಾಕಿದರೆ ಒಂದೂಕಾಲು ಲೀಟರ್ ಮೂತ್ರ ಬಂತು.

"ಇಷ್ಟು ತುಂಬಿದ್ರೂ ಹೋಗ್ಬೇಕು ಅನ್ನಿಸ್ಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರೆ, ಅವನಿಗೆ ಹೆಮ್ಮೆ! "ಇಲ್ಲ ಮೇಡಂ, ಎಲ್ಲಾ ಕ್ಯಾಪ್ಸೂಲ್ ಗುಣ."

ಡಾಕ್ಟರಮ್ಮ ಹಸಿರು ಡಬ್ಬಿ ತಿರುಗಿಸಿ ನೋಡಿ ಇವಳ ಕಡೆ ತಿರುಗಿದರು. "ಇದು ಒಳ್ಳೇದೂ ಮಾಡಿಲ್ಲ, ಕೆಟ್ಟದ್ದೂ ಮಾಡಿಲ್ಲಮ್ಮ. ಸಕ್ಕರೆ ಮಾತ್ರೆ ಬಿಟ್ಟಿದ್ದೇ ಮುಳುವಾಯ್ತು. ಉರಿ ವಾಸಿಯಾಗಿ ನಿಂತಿಲ್ಲ. ನರ ಸತ್ತು ನಿಂತಿದೆ. ಮೂತ್ರದ್ದೂ ಅದೇ ಕಥೆ. ಕೀವು ಮೂಳೆಗೆ ಇಳಿದಿದೆ, ಪಾದ ತೆಗೀಬೇಕು."

ಕಸದ ಬುಟ್ಟಿ ಕಣ್ಣ ಮುಂದೆ ಬಂತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಯ್ಯೋ, ಬಲಗಾಲು ಮೇಡಂ, ತುಳಿಯೋ ಕಾಲು!" ದರ್ಜಿ ಎದ್ದು ಕೂತ. "ಅದರಲ್ಲಿ ಸ್ಪರ್ಶ ಇದೆ. ಬೇಕಾದ್ರೆ ಮುಟ್ಟಿ ನೋಡಿ."

ಸ್ಪರ್ಶ ಇದ್ದರೂ ಪಾದ ಉಳಿಯುವುದಿಲ್ಲವೆಂದು ಡಾಕ್ಟರಮ್ಮ ಹೇಳಿ ನೋಡಿದರು. ಅವನು ಕೇಳಲಿಲ್ಲ. ಕೊನೆಗೆ ಅವರು ಜೇಬಿನಿಂದ ಸಣ್ಣ ನೈಲಾನ್ ಎಳೆ ತೆಗೆದರು. "ಕಣ್ಣು ಮುಚ್ಚಿ. ಮುಟ್ಟಿದಾಗ ಹ್ಞೂಂ ಅನ್ನಿ."

ಎಳೆ ಹೆಬ್ಬೆರಳಿಗೆ ತಾಗಿತು. ಅವನು ಸುಮ್ಮನಿದ್ದ. ಅಂಗಾಲಿಗೆ ತಾಗಿತು. ಸುಮ್ಮನಿದ್ದ. ಹೆಂಡತಿ ಸೆರಗು ಕಚ್ಚಿಕೊಂಡಳು. ಡಾಕ್ಟರಮ್ಮ ಎಳೆಯನ್ನು ಜೇಬಿಗೆ ಹಾಕಿ, ಫೈಲು ತೆರೆದು ಬರೆಯತೊಡಗಿದರು.

"ಹ್ಞೂಂ," ಅಂದ ದರ್ಜಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. "ಹ್ಞೂಂ... ಈಗಲೂ ಗೊತ್ತಾಯ್ತು ಮೇಡಂ. ಹ್ಞೂಂ."