ಖಾತೆದಾರರೇ ಮಾತಾಡಬೇಕು

ಮುಕರ್ರಂನ ಅಂಗಡಿಗೆ ಡಿಶ್ಶಿನ ಕೆಲಸ ಹಿಡಿದುಕೊಂಡು ಬರುವವರು ಈಗ ಯಾರೂ ಇಲ್ಲ. ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಗಲ್ಲಿಯಲ್ಲಿ ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು ಬಿಚ್ಚಿ ಜೋಡಿಸುತ್ತ ಅವನ ದಿನ ಹೋಗುತ್ತದೆ. ಒಂದು ಕಾಲಕ್ಕೆ ಮಾನ್ವಿ ತಾಲೂಕಿನ ಅರ್ಧ ಮಾಳಿಗೆಗಳ ಮೇಲೆ ಡಿಶ್ ಕೂರಿಸಿದವನು ತಾನೇ ಎಂದು ಹೇಳಿಕೊಳ್ಳುವುದನ್ನು ಮಾತ್ರ ಅವನು ಬಿಟ್ಟಿಲ್ಲ, ಕೇಳುವವರಿರಲಿ ಇಲ್ಲದಿರಲಿ. ಹಾಗಾಗಿ ಆ ಮಂಗಳವಾರ ಹೆಂಗಸೊಬ್ಬಳು ಬಂದು ಟವೆಲಿನಲ್ಲಿ ಸುತ್ತಿದ್ದ ಹಳೆಯ ಸೆಟ್‌ಟಾಪ್ ಬಾಕ್ಸನ್ನು ಮೇಜಿನ ಮೇಲಿಟ್ಟಾಗ ಅವನಿಗೆ ಖುಷಿಯೇ ಆಯಿತು.

"ಗುರುತು ಹತ್ತಲಿಲ್ಲೇನಣ್ಣಾ? ಬಾಗಲವಾಡದ ಯಂಕಮ್ಮ. ಕುರಿಯವರ ಮನಿ."

ಹೆಂಗಸಿಗಿಂತ ಮೊದಲು ಗುರುತು ಹತ್ತಿದ್ದು ಡಬ್ಬಿಯದು. ಪೆನ್‌ಡ್ರೈವ್ ಸಿಕ್ಕಿಸಿದರೆ ಟಿವಿಯಲ್ಲಿ ಬಂದದ್ದನ್ನು ಹಿಡಿದಿಟ್ಟುಕೊಳ್ಳುವ ನಮೂನೆಯದು. ಆ ಊರಿನಲ್ಲಿ ಅಂಥದ್ದನ್ನು ಹಾಕಿಸಿಕೊಂಡದ್ದು ಒಬ್ಬನೇ, ಯಂಕಮ್ಮನ ಗಂಡ ಅಯ್ಯಪ್ಪ. ಯಾವುದೋ ಚಾನೆಲ್ಲಿನವರು ಅವನ ಕುರಿಹಿಂಡಿನ ಮೇಲೆ ಒಂದು ಕಾರ್ಯಕ್ರಮ ಮಾಡಿಕೊಂಡು ಹೋಗಿದ್ದರು. ಅದು ಬರುವ ದಿನ ತಪ್ಪಿಸಬಾರದೆಂದು ಅಯ್ಯಪ್ಪ ದುಂಬಾಲು ಬಿದ್ದು, ಮುಕರ್ರಂನನ್ನು ರಾಯಚೂರಿನಿಂದ ಕರೆಸಿ ರೆಕಾರ್ಡಿಂಗ್ ಹಚ್ಚಿಸಿದ್ದ.

"ಅವರಿಗೆ ಲಕ್ವಾ ಹೊಡದು ಎಂಟು ತಿಂಗಳಾತು" ಎಂದಳು ಯಂಕಮ್ಮ. "ಬಲಗೈ, ಬಲಗಾಲು ಹೋದ್ವು. ಮಾತೂ ಹೋತು. ಇಲ್ಲಿ ದವಾಖಾನ್ಯಾಗ ಮಾತು ಕಲಿಸೋ ಮೇಡಮ್ಮೋರು ಕೇಳಿದ್ರು, ಅವರ ಹಳೀ ದನಿ ಎಲ್ಲ್ಯಾರ ಅದ ಏನು ಅಂತ. ತಮ್ಮ ದನಿ ತಾವು ಕೇಳಿದ್ರ ಒಮ್ಮೊಮ್ಮಿ ನಾಲಿಗಿಗೆ ನೆಪ್ಪಾಗ್ತದಂತ. ಬರೋದಿದ್ರ ಮೊದಲನೇ ವರ್ಷದಾಗ ಬರಬೇಕಂತ."

ಅಯ್ಯಪ್ಪನ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ದನಿ ಎಲ್ಲಿಂದ ಬರಬೇಕು? ಚಾನೆಲ್ಲೂ ಎಂದೋ ಮುಚ್ಚಿಹೋಗಿತ್ತು. ಲೋಕದಲ್ಲಿ ಆ ಮನುಷ್ಯನ ದನಿ ಉಳಿದಿದ್ದರೆ ಈ ಡಬ್ಬಿಯ ಬೆನ್ನಿಗೆ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಮಾತ್ರ. ಡಬ್ಬಿಯೋ ನಾಲ್ಕು ವರ್ಷದಿಂದ ರೀಚಾರ್ಜ್ ಕಾಣದೆ ಸತ್ತು ಮಲಗಿತ್ತು.

"ಇಷ್ಟ ಹೌದಿಲ್ಲ ಯಕ್ಕಾ? ಹತ್ತು ನಿಮಿಷದ ಕೆಲಸ" ಎಂದುಬಿಟ್ಟ ಮುಕರ್ರಂ. ಅಂದ ಮೇಲೆ ಅವನಿಗೆ ಫಾರ್ಮಿನ ನಂಬರ್ ನೆನಪಾಯಿತು.

ಡಿಶ್ ಹಾಕುವ ಕಾಲದಲ್ಲಿ ಫಾರ್ಮಿನಲ್ಲಿ ಫೋನ್ ನಂಬರ್ ಬರೆಯಲೇಬೇಕಿತ್ತು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಆಗ ಫೋನೇ ಇರಲಿಲ್ಲ. ಅದಕ್ಕೇನು ತಲೆಬಿಸಿ ಎಂದು ಮುಕರ್ರಂ ಎಲ್ಲರ ಫಾರ್ಮಿನಲ್ಲೂ ತನ್ನ ನಂಬರನ್ನೇ ಗೀಚಿದ್ದ. ಬಾಗಲವಾಡ, ನೀರಮಾನ್ವಿ, ಚೀಕಲಪರ್ವಿ, ಎಲ್ಲ ಊರಿನ ಡಬ್ಬಿಗಳ ಮೆಸೇಜೂ ಅವನ ಜೇಬಿಗೇ ಬರುತ್ತಿದ್ದವು. ಆಗ ತಾಲೂಕಿನ ಜಹಗೀರು ತನ್ನದೇ ಎನ್ನುವಂತೆ ತಿರುಗಿದ್ದ. ಧಂದೆ ಬಿದ್ದ ಮೇಲೆ ಆ ಸಿಮ್ಮನ್ನು ಡ್ರಾಯರಿಗೆ ಎಸೆದು ಮರೆತ. ನಂಬರು ಸತ್ತಿತು, ಆಮೇಲೆ ಇನ್ಯಾರದೋ ಆಯಿತು. ಈಗ ಅಯ್ಯಪ್ಪನ ಖಾತೆ ಮತ್ತೆ ಚಾಲೂ ಆಗಬೇಕಾದರೆ ಒಟಿಪಿ ಹೋಗುವುದು ಅದೇ ನಂಬರಿಗೆ.

"ಹೊಸಾ ಖಾತಾ ಮಾಡಿಸಿಬಿಡ್ರಲ್ಲ" ಎಂದಳು ಅವನು ಹೇಳಿದ್ದನ್ನು ಕೇಳಿದ ಯಂಕಮ್ಮ.

"ಟಿವಿ ಬರ್ತದ ಯಕ್ಕಾ, ಹಿಡಿದಿಟ್ಟಿದ್ದು ತೆರಿಯಂಗಿಲ್ಲ. ಕಂಪ್ಯೂಟರಿಗೆ ಹಾಕಿದ್ರೂ ತೆರಿಯಂಗಿಲ್ಲ. ಅದಕ್ಕ ಇದ ಡಬ್ಬಿ, ಇದ ಖಾತಾ ಬೇಕು."

ಅವಳ ಎದುರಿಗೇ ಮುಕರ್ರಂ ತನ್ನ ಹಳೆಯ ನಂಬರಿಗೆ ಫೋನ್ ಹಚ್ಚಿದ. ಎತ್ತಿದವರು ದೇವದುರ್ಗದ ಒಬ್ಬ ಮಾಸ್ತರಬಾಯಿ, ಹೆಸರು ಸಂಘಮಿತ್ರಾ. ಅವನು ಕಥೆಯನ್ನೆಲ್ಲ ಹೇಳಿದ. ಆಕೆ ಸಮಾಧಾನದಿಂದಲೇ ಕೇಳಿದಳು.

"ನೋಡ್ರಿ, ಒಟಿಪಿ ಯಾರಿಗೂ ಕೊಡಬ್ಯಾಡ್ರಿ ಅಂತ ಸಾಲ್ಯಾಗ ಹುಡುಗರಿಗೆ ನಾನ ಹೇಳಾಕಿ. ನಿಮಗ ಹೆಂಗ ಕೊಡ್ಲಿ?"

"ಅದು ಮೊದಲು ನನ್ನ ನಂಬರ್ ಇತ್ರಿ ಮೇಡಂ!"

"ಎಲ್ಲಾರೂ ಹಂಗ ಅಂತಾರ್ರಿ" ಎಂದು ಇಟ್ಟಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಆಕೆ ಹೇಳಿದ್ದು ಸರಿಯಿತ್ತು. ಬೈಯಲೂ ಬಾರದಂತಾಗಿ ಮುಕರ್ರಂ ತನ್ನನ್ನೇ ಬೈದುಕೊಂಡ.

ಉಳಿದ ದಾರಿ ಒಂದೇ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಖಾತೆಯ ನಂಬರನ್ನೇ ಬದಲಿಸಬೇಕು. ಅದಕ್ಕೆ ಡಬ್ಬಿಯನ್ನು ಅವರ ಮನೆಯ ಡಿಶ್ಶಿಗೆ ಜೋಡಿಸಿ ಪರದೆಯ ಮೇಲೆ ಬರುವ ಅಂಕಿಗಳನ್ನು ಓದಿ ಹೇಳಬೇಕು. ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಮುಕರ್ರಂ ಬಾಗಲವಾಡದ ಬಸ್ಸು ಹತ್ತಿದ. ತಪ್ಪು ತನ್ನದಾಗಿದ್ದರಿಂದ ಕೂಲಿಯ ಮಾತೆತ್ತಲಿಲ್ಲ.

ಯಂಕಮ್ಮ ಗಂಡನಿಗೆ ದಾಡಿ ಮಾಡಿಸಿ, ಒಗೆದ ಅಂಗಿ ತೊಡಿಸಿ, ಗೋಡೆಗೆ ಆನಿಸಿ ಹೊರಸಿನ ಮೇಲೆ ಕೂಡಿಸಿದ್ದಳು. ಎತ್ತರದ ಆಳು, ಈಗ ಒಂದು ಕಡೆ ವಾಲಿ ಕೂತಿದ್ದ. ಮುಕರ್ರಂನನ್ನು ಕಂಡು ಬಾಯಿಯ ಎಡತುದಿಯಲ್ಲಿ ನಕ್ಕ. ಗುರುತು ಹತ್ತಿ ನಕ್ಕನೋ, ಬಂದವರಿಗೆಲ್ಲ ಹಾಗೆಯೇ ನಗುತ್ತಾನೋ, ತಿಳಿಯಲಿಲ್ಲ.

ಮಾಳಿಗೆ ಹತ್ತಿ ಡಿಶ್ಶಿನ ಮುಖ ತಿರುಗಿಸಿ, ತಂತಿ ಕೆರೆದು ಜೋಡಿಸಿ, ಇಳಿದು ಬಂದು ಮುಕರ್ರಂ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಆ ಕಡೆ ಒಬ್ಬ ಹುಡುಗಿ, ಬಲು ನಾಜೂಕಿನ ಕನ್ನಡ. ಎಲ್ಲ ಕೇಳಿಕೊಂಡು, "ನಂಬರ್ ಬದಲಿಸಲು ಖಾತೆದಾರರೇ ಮಾತಾಡಬೇಕು ಸರ್" ಎಂದಳು.

ಯಂಕಮ್ಮ ಫೋನಿಗೆ ಬಾಯಿ ಹಚ್ಚಿ ಗಂಡನ ಸ್ಥಿತಿ ಹೇಳಿಕೊಂಡಳು.

"ಕ್ಷಮಿಸಿ ಮೇಡಂ. ಅವರು ತಮ್ಮ ಹೆಸರೊಂದನ್ನು ಹೇಳಿದರೂ ಸಾಕು."

ಯಂಕಮ್ಮ ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು. "ಹೇಳ್ರಿ. ನಿಮ್ಮ ಹೆಸರು ಹೇಳ್ರಿ." ಅವನು ಸುಮ್ಮನೆ ಅವಳನ್ನೇ ನೋಡಿದ. ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಲ್ಲಿ ತಂದವಳಲ್ಲ ಅವಳು. ಅಂಗಡಿಯಲ್ಲೂ "ಕುರಿಯವರ ಮನಿ", "ಅವರು" ಎಂದೇ ಹೇಳಿದ್ದಳು. ಒಮ್ಮೆ ಮುಕರ್ರಂನ ಕಡೆ ನೋಡಿ, ಸೆರಗು ಎಳೆದುಕೊಂಡು ಗಂಡನ ಕಿವಿಯಲ್ಲಿ, "ಅಯ್ಯಪ್ಪ... ಅಯ್ಯಪ್ಪ ಅನ್ರಿ" ಎಂದಳು.

ಅಯ್ಯಪ್ಪನ ಕೊರಳಿನ ನರ ಉಬ್ಬಿದವು. ಎಡಗೈ ಹೊರಸಿನ ಹುರಿಯನ್ನು ಹಿಂಡಿ ಹಿಡಿಯಿತು. "ಬ... ಬ್ಬ..." ಅಷ್ಟೇ ಬಂತು, ಜೊತೆಗೆ ಜೊಲ್ಲು.

"ಹಲೋ? ಧ್ವನಿ ಸ್ಪಷ್ಟವಾಗಿಲ್ಲ ಮೇಡಂ. ಹಲೋ?" ಕರೆ ನಿಂತಿತು.

ಯಂಕಮ್ಮ ಸೆರಗಿನಿಂದ ಗಂಡನ ಬಾಯಿ ಒರೆಸಿದಳು. ಆ ಮನೆಯಲ್ಲಿ ಕೂತಿರುವುದು ಮುಕರ್ರಂಗೆ ಕಷ್ಟವಾಯಿತು. ಎದ್ದು ಹೋಗುವುದು ಇನ್ನೂ ಕಷ್ಟವಿತ್ತು. ಅವನು ಮತ್ತೆ ನಂಬರ್ ಒತ್ತಿದ. ಈ ಸಲ ಎತ್ತಿದ್ದು ಒಬ್ಬ ಗಂಡಸು.

"ಖಾತೆದಾರರು ಮಾತಾಡುತ್ತಿದ್ದೀರಾ?"

ಧಂದೆಯ ಕಾಲದಲ್ಲಿ ಮುಕರ್ರಂ ಎಷ್ಟು ಗಿರಾಕಿಗಳ ಹೆಸರು ಹೇಳಿಕೊಂಡು ಮಾತಾಡಿದ್ದನೋ ಲೆಕ್ಕವಿಲ್ಲ. ಆದರೆ ಅಸಲಿ ಮನುಷ್ಯನ ಎದುರಿಗೆ ಕೂತು ಎಂದೂ ಮಾತಾಡಿರಲಿಲ್ಲ.

"ಹೌದ್ರಿ" ಎಂದ. "ನಾನ ಅಯ್ಯಪ್ಪ. ಬಾಗಲವಾಡದ ಅಯ್ಯಪ್ಪ ಮಾತಾಡಾಕತ್ತೀನಿ."

ಅಯ್ಯಪ್ಪ ತಟ್ಟನೆ ಅವನ ಕಡೆ ತಿರುಗಿದ. ಆ ಕಡೆಯವನು ಅಪ್ಪನ ಹೆಸರು ಕೇಳಿದ. ಯಂಕಮ್ಮ ಪಿಸುಗುಟ್ಟಿದಳು, ಮುಕರ್ರಂ, "ನಮ್ಮಪ್ಪ ಗಡಿಗೆಪ್ಪ" ಎಂದ. ಲೈನ್ ಸರಿಯಿಲ್ಲವೆಂದು ಆ ಪುಣ್ಯಾತ್ಮ ಮತ್ತೊಮ್ಮೆ, ಮಗದೊಮ್ಮೆ ಹೆಸರು ಹೇಳಿಸಿದ. "ಅಯ್ಯಪ್ಪರೀ. ನಾನ ಅಯ್ಯಪ್ಪ." ಹೊರಸಿನ ಮೇಲಿನಿಂದ ಎರಡು ಕಣ್ಣು ರೆಪ್ಪೆ ಮಿಟುಕಿಸದೆ ಅವನ ಬಾಯನ್ನೇ ನೋಡುತ್ತಿದ್ದವು. ಮುಕರ್ರಂ ನಾಚಿ ಗೋಡೆಗೆ ಮುಖ ಮಾಡಿ ಉಳಿದ ಮಾತು ಮುಗಿಸಿದ.

ಕೆಲಸ ಆಯಿತು. ಖಾತೆಗೆ ಯಂಕಮ್ಮನ ಫೋನಿನ ನಂಬರೇ ಸೇರಿತು, ಒಟಿಪಿ ಅವಳಿಗೇ ಬಂತು, ರೀಚಾರ್ಜೂ ಆಯಿತು. ಅರ್ಧ ಗಂಟೆ ಎಲ್ಲರೂ ಖಾಲಿ ಪರದೆಯನ್ನು ನೋಡುತ್ತ ಕೂತರು. ಆಮೇಲೆ ಡಬ್ಬಿಯ ಕೆಂಪು ದೀಪ ಹಸಿರಾಯಿತು. ಪೆನ್‌ಡ್ರೈವಿನ ಪಟ್ಟಿ ತೆರೆದುಕೊಂಡಿತು, ಅದರಲ್ಲಿ ಇದ್ದದ್ದು ಒಂದೇ ಸಾಲು.

"ಯಾ ಅಲ್ಲಾ" ಎಂದು ಮುಕರ್ರಂ ಗುಂಡಿ ಒತ್ತಿದ.

ಪರದೆಯ ತುಂಬ ಕುರಿಗಳು. ಅಯ್ಯಪ್ಪ ಕ್ಯಾಮೆರಾಕ್ಕೆ ಮುಖ ತೋರಿಸಲು ನಾಚಿ ಕುರಿಗಳನ್ನೇ ಮುಂದೆ ಬಿಟ್ಟಿದ್ದ. ಅವನ ದನಿ ಮಾತ್ರ ಹಿಂದಿನಿಂದ ಕೇಳುತ್ತಿತ್ತು, ಗಡಸು, ಅಗಲವಾದ ದನಿ. "ಕುರಿ ಎಣಿಸಬಾರದ್ರಿ. ಮಕ ನೋಡಬೇಕು. ಸಂಜಿಮುಂದ ಒಂದೊಂದ ಮಕ ನೋಡಕೋತ ಹೋದ್ರ, ಯಾವುದು ಬಂದಿಲ್ಲ ಅಂತ ತಾನ ತಿಳಿತದ." ಆಮೇಲೆ ಹಿಂಡನ್ನು ಕರೆಯುವ ಕೂಗು, ಅದರ ಹಿಂದೆಯೇ ನಗು.

ಯಂಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅಯ್ಯಪ್ಪ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ್ದ. ಅವನ ತುಟಿ ಅಲುಗುತ್ತಿತ್ತು. ಮುಕರ್ರಂ ತನ್ನ ತಪ್ಪಿಗೆ ಇವತ್ತು ಮಾಫಿ ಸಿಕ್ಕಿತು ಅಂದುಕೊಂಡ.

"ಕೇಳಿದ್ರೇನು?" ಯಂಕಮ್ಮ ಗಂಡನ ಮೊಣಕಾಲು ಹಿಡಿದು ಅಲುಗಿಸಿದಳು. "ಯಾರ ದನಿ ಅದ ಇದು? ಗುರುತು ಹತ್ತಿತೇನು? ಕೈ ಮಾಡಿ ತೋರಸ್ರಿ."

ಅಯ್ಯಪ್ಪನ ಎಡಗೈ ಮೆಲ್ಲಗೆ ಮೇಲೆದ್ದಿತು. ಯಂಕಮ್ಮನ ಮುಖ ಅರಳಿತು. ಕೈ ಅವನ ಎದೆಯ ಕಡೆ ತಿರುಗಲಿಲ್ಲ, ಪರದೆಯ ಕಡೆಗೂ ಹೋಗಲಿಲ್ಲ. ಬೆರಳು ಮುಕರ್ರಂನನ್ನು ತೋರಿಸಿ ನಿಂತಿತು.

"ನಾನಲ್ಲಣ್ಣಾ" ಮುಕರ್ರಂ ಎದ್ದು ಪಕ್ಕಕ್ಕೆ ಸರಿದ. "ನಾನಲ್ಲ. ನೀವು. ಅಯ್ಯಪ್ಪಣ್ಣ ಅಂದ್ರ ನೀವು."

ಬೆರಳು ಅವನ ಹಿಂದೆಯೇ ಸರಿಯಿತು. ಅಯ್ಯಪ್ಪ ಬಾಯಿಯ ಎಡತುದಿಯಲ್ಲಿ ನಗುತ್ತಿದ್ದ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟೆನೆಂಬ ಸಮಾಧಾನ ಅವನ ಮುಖದಲ್ಲಿತ್ತು.

ಯಂಕಮ್ಮ ಗಂಡನ ಕೈ ಹಿಡಿದು ಮೆಲ್ಲಗೆ ಅವನ ತೊಡೆಯ ಮೇಲೆ ಇಳಿಸಿದಳು. ಆಮೇಲೆ, "ಇನ್ನೊಮ್ಮಿ ಹಚ್ರಿ ಅಣ್ಣಾ" ಎಂದಳು.

ಮುಕರ್ರಂ ಮತ್ತೆ ಮೊದಲಿನಿಂದ ಹಚ್ಚಿದ. ಈ ಸಲ ಬೆರಳು ಅವನನ್ನು ತೋರಿಸಲು ದನಿ ಬರುವ ತನಕವೂ ಕಾಯಲಿಲ್ಲ.