ಅರ್ಧ ಅಂಕ ಜಾಸ್ತಿ

ಕೊರಿನ್ ಥಿಬೊಡೊ ಎದುರಾಳಿಯ ಗಾಲಿಗೆ ತನ್ನ ಗಾಲಿ ಕೊಟ್ಟು ನಿಂತಳೆಂದರೆ ಮುಗಿಯಿತು, ಬಿಡಿಸಲು ಅಗ್ನಿಶಾಮಕ ದಳವೇ ಬರಬೇಕು. ಜರ್ಮನಿಯ ಆಟಗಾರ್ತಿಯೊಬ್ಬಳು ಹಾಗೆ ಸಿಕ್ಕಿಕೊಂಡು, ಪಂದ್ಯ ಮುಗಿದ ಮೇಲೂ ಹೊರಬರಲಾಗದೆ, ಅಂಗಳದಲ್ಲೇ ಊಟ ತರಿಸಿಕೊಂಡಳಂತೆ. ಹೇಳಿದವಳು ಕೊರಿನ್‌ಳೇ. ಆದರೂ ಮಾಂಕ್ಟನ್‌ನಿಂದ ವ್ಯಾಂಕೂವರ್‌ವರೆಗೆ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಬಲ್ಲವರು ಯಾರೂ ಇದನ್ನು ಅಲ್ಲಗಳೆದಿಲ್ಲ.

ಬುಟ್ಟಿಗೆ ಚೆಂಡು ಹಾಕುವುದು ಅವಳ ಕೆಲಸವೇ ಅಲ್ಲ. ಎದೆಯಿಂದ ಕೆಳಗಿನ ಮೈ ಅವಳ ಮಾತು ಕೇಳುವುದಿಲ್ಲ. ಈ ಆಟದಲ್ಲಿ ಮೈಬಲ ಅಳೆದು ಪ್ರತಿಯೊಬ್ಬಳಿಗೂ ಅಂಕ ಕೊಡುತ್ತಾರೆ; ಹಾಗಾಗಿ ಹನ್ನೊಂದು ವರ್ಷದಿಂದ ಅವಳು ಒಂದು ಅಂಕದವಳು. ಸೊಂಟದಲ್ಲಿ ಬಲವಿರುವ, ಸಸ್ಕಾಚೆವಾನ್‌ನ ಒಕ್ಸಾನಾ ನಾಲ್ಕೂವರೆ ಅಂಕದವಳು. ಅಂಗಳದಲ್ಲಿರುವ ಐವರ ಅಂಕ ಕೂಡಿದರೆ ಹದಿನಾಲ್ಕು ದಾಟಕೂಡದು. ದಾಟಿದ್ದು ಸಿಕ್ಕಿಬಿದ್ದರೆ ಎದುರಾಳಿಗೆ ಒಂದು ಪುಕ್ಕಟೆ ಎಸೆತ.

ವಿನಿಪೆಗ್‌ನಲ್ಲಿ ಆ ಬೇಸಿಗೆ ವಿಶ್ವ ಚಾಂಪಿಯನ್‌ಶಿಪ್. ಹೊರಗಿನ ಸೊಳ್ಳೆಗಳು ಎಷ್ಟು ದಪ್ಪವಿದ್ದವೆಂದರೆ ಅವೂ ಟಿಕೆಟ್ ತೆಗೆದುಕೊಂಡು ಕುರ್ಚಿಯ ಮೇಲೆ ಕೂರುತ್ತಿದ್ದವು. ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯಾದವರೆದುರು ಕೊರಿನ್ ಒಂದು ಹುಚ್ಚಾಟ ಆಡಿದಳು. ಪಕ್ಕಕ್ಕೆ ಹಾರಿಹೋಗುತ್ತಿದ್ದ ಚೆಂಡಿಗೆ ಕುರ್ಚಿಯಿಂದಾಚೆ ಬಾಗಿ, ಕಿತ್ತುಕೊಂಡು, ಗಾಲಿ ಹಿಡಿಯದೆಯೇ ನೆಟ್ಟಗಾದಳು. ಜನ ಹುಚ್ಚೆದ್ದು ಕೂಗಿದರು. ಅಂಗಳದಂಚಿನಲ್ಲಿ ಕೂತು ಆಟಗಾರರ ಮೈಬಲ ಅಳೆಯುವ ಮೂವರು ಮಾತ್ರ ಕೂಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯ ಹೊತ್ತಿಗೆ ಅವಳು ಒಂದೂವರೆ ಅಂಕದವಳಾಗಿದ್ದಳು.

"ಬಡ್ತಿ ಸಿಕ್ತು ಕಣ್ರೇ," ಎಂದು ಊಟದ ಮೇಜಿನಲ್ಲಿ ಪೆರೋಗಿ ಕಡುಬು ನುಂಗುತ್ತ ಹೇಳಿದ್ದಳು. "ಹಿಂಗೇ ಹೋದ್ರೆ ಮುಂದಿನ ವರ್ಷ ಎದ್ದು ಓಡ್ತೀನಿ."

ಫೈನಲ್ ಅಮೆರಿಕದ ಜೊತೆ. ಅವರ ಡನೀಶಾಳ ತೋಳು ಎಷ್ಟು ಉದ್ದವೆಂದರೆ ಕೂತಲ್ಲಿಂದಲೇ ಚಾವಣಿಯ ದೀಪ ಬದಲಿಸಬಲ್ಲಳು. ಕೊನೆಯ ಕ್ಷಣಗಳಲ್ಲಿ ಕೆನಡಾದ ಮೂರೂವರೆ ಅಂಕದವಳೊಬ್ಬಳು ಐದನೆಯ ಫೌಲ್ ಮಾಡಿ ಹೊರಬಿದ್ದಳು. ಡನೀಶಾ ಪುಕ್ಕಟೆ ಎಸೆತಗಳನ್ನು ಒಳಗೆ ಹಾಕಿದಳು. ಅಮೆರಿಕಕ್ಕೆ ಒಂದರ ಮುನ್ನಡೆ, ಚೆಂಡು ಕೆನಡಾದ್ದು, ಉಳಿದಿರುವುದು ಒಂದೇ ಒಂದು ದಾಳಿಯಷ್ಟು ಹೊತ್ತು. ಕೋಚ್ ಪ್ರೂಡನ್ ತನ್ನ ಕೊನೆಯ ವಿರಾಮ ಕೇಳಿದ.

"ಏನ್ ಎಲ್ರೂ ಹಿಂಗ್ ಮುಖ ಇಳಿಬಿಟ್ಟಿದೀರ? ಯಾರಾದ್ರೂ ಸತ್ತಿದ್ದಾರಾ?"

"ನಿನ್ನ ಬಣ್ಣ ನೋಡಿದ್ರೆ ನೀನೇ ಅನ್ಸತ್ತೆ ಕೋಚ್," ಎಂದಳು ಕೊರಿನ್.

"ಬಾಯ್ಮುಚ್ಕೊಂಡು ಕೇಳು. ಒಕ್ಸಾನಾ ಬುಟ್ಟಿ ಕೆಳಗೆ ನುಗ್ತಾಳೆ. ನೀನು ಡನೀಶಾನ ಕಟ್ಟಿಹಾಕ್ಬೇಕು. ಅವಳು ಬಿಡಿಸ್ಕೊಂಡ್ರೆ ನಾವು ಮನೆಗೆ."

ಮೂರು ಸಲ ಫೈನಲ್‌ನಲ್ಲಿ ಸೋತವಳು ಕೊರಿನ್. ಈ ಸಲ ಇಡೀ ದೇಶದ ಚಿನ್ನ ತನ್ನ ಗಾಲಿಯ ಮೇಲೇ ನಿಂತಿದೆ ಎಂದು ಕೇಳಿ ಅವಳ ಎದೆ ಕುರ್ಚಿಯ ಪಟ್ಟಿ ಹರಿಯುವಷ್ಟು ಉಬ್ಬಿತು.

ಹೊರಡುವ ಮೊದಲು ಪ್ರೂಡನ್‌ನದೊಂದು ಪದ್ಧತಿ: ಪ್ರತಿಯೊಬ್ಬಳೂ ತನ್ನ ಅಂಕ ಕೂಗಬೇಕು, ಅವನು ಕೂಡಿಸಬೇಕು.

"ನಾಲ್ಕೂವರೆ!" ಒಕ್ಸಾನಾ.

"ನಾಲ್ಕು!" ಹೊರಬಿದ್ದವಳ ಜಾಗಕ್ಕೆ ಈಗಷ್ಟೇ ಬಂದವಳು.

"ಎರಡೂವರೆ!"

"ಎರಡು!"

"ಒಂದು!" ಎಂದಳು ಕೊರಿನ್.

"ಹದಿನಾಲ್ಕು. ನಡೀರಿ."

ಅಂಗಳದ ಗದ್ದಲಕ್ಕೆ ಆಚೆ ವಿನಿಪೆಗ್ ಸರೋವರದ ಮೀನುಗಳು ಕಿವಿ ಮುಚ್ಚಿಕೊಂಡಿದ್ದವು. ಡನೀಶಾ ಹಲ್ಲು ಕಿರಿದಳು.

"ಬಾ ಅಜ್ಜಿ. ಮತ್ತೆ ನನ್ ಗಾಲಿ ಸವರೋಕೆ ಬಂದ್ಯಾ?"

"ಸವರೋಕಲ್ಲ ಕಣಮ್ಮ, ಬೀಗ ಹಾಕೋಕೆ. ರಾತ್ರಿ ಬರಲ್ಲ ಅಂತ ಮನೇಲಿ ಹೇಳ್ ಬಂದಿದೀಯ ತಾನೆ?"

ಇಷ್ಟು ಹೇಳಿ ಗಾಲಿ ಸರಿಪಡಿಸಿಕೊಳ್ಳುವಾಗ ಅವಳ ಕಣ್ಣಿಗೆ ಬಿದ್ದವನು ಅಮೆರಿಕದ ಕೋಚ್ ಬಾರ್ಲೊ. ಹುಟ್ಟಿದಾಗಿನಿಂದ ಒಂದು ನಿಮಿಷವೂ ಬಾಯಿ ಮುಚ್ಚಿರದ ಮನುಷ್ಯ, ಈಗ ಸುಮ್ಮನೆ ನಿಂತಿದ್ದ. ಅಧಿಕಾರಿಗಳ ಮೇಜಿನತ್ತ ಎದ್ದು ಓಡಲು ಹೊರಟ ಸಹಾಯಕನ ತೋಳನ್ನು ಹಿಡಿದು ತಡೆದಿದ್ದ. ಅವನ ಕಣ್ಣು ಒಕ್ಸಾನಾಳ ಮೇಲೆ ಹೋಯಿತು, ಈಗಷ್ಟೇ ಒಳಬಂದವಳ ಮೇಲೆ ಹೋಯಿತು, ಕೊರಿನ್‌ಳ ಮೇಲೆ ಬಂದು ನಿಂತಿತು. ಮೆಲ್ಲಗೆ ನಕ್ಕ. ಆಮೇಲೆ ರೆಫರಿಯ ಕೈಲಿದ್ದ ಚೆಂಡನ್ನೇ ನೋಡತೊಡಗಿದ.

ಯಾತಕ್ಕೆ ಕಾಯ್ತಿದ್ದಾನೆ ಈ ಮುದುಕ?

ಕೊರಿನ್ ಮನಸ್ಸಿನಲ್ಲೇ ಕೂಡಿಸಿದಳು. ನಾಲ್ಕೂವರೆ, ನಾಲ್ಕು, ಎರಡೂವರೆ, ಎರಡು. ಮತ್ತೆ ತಾನು. ಅವಳ ಬೆನ್ನಿನ, ಏನೂ ಗೊತ್ತಾಗದ ಭಾಗದಲ್ಲೂ ತಣ್ಣಗೆ ಏನೋ ಹರಿಯಿತು. ತಾನು ಒಂದಲ್ಲ, ಒಂದೂವರೆ. ಹನ್ನೊಂದು ವರ್ಷ ಕೂಗಿದ ನಾಲಿಗೆ ಅದನ್ನೇ ಕೂಗಿತ್ತು. ಹನ್ನೊಂದು ವರ್ಷ ಕೇಳಿದ ಕಿವಿ ಅದನ್ನೇ ಕೂಡಿಸಿತ್ತು.

ರೆಫರಿ ಚೆಂಡನ್ನು ಒಳಗೆಸೆಯುವ ಆಟಗಾರ್ತಿಯ ಕೈಗಿಟ್ಟು ಆಟ ಶುರುವಾದ ಮೇಲಷ್ಟೇ ಅದು ತಪ್ಪು; ಆ ಮರುಕ್ಷಣ ಬಾರ್ಲೊ ಕೈ ಎತ್ತುತ್ತಾನೆ. ಪುಕ್ಕಟೆ ಎಸೆತದಿಂದ ಒಂದರ ಹಿನ್ನಡೆ ಎರಡಾಗುತ್ತದೆ. ಆಮೇಲೆ ಒಕ್ಸಾನಾ ಹಾಕಿದರೂ ಬರೀ ಸಮ. ಹೆಚ್ಚುವರಿ ಆಟ ಆಡುವ ದಮ್ಮು ಈ ತಂಡದ ಯಾರ ಮೈಯಲ್ಲೂ ಉಳಿದಿಲ್ಲ.

ಅವನು ನಕ್ಕದ್ದು ಬೇರೆ ಯಾವುದಕ್ಕೋ ಇರಬಹುದು, ಎಂದಿತು ಮನಸ್ಸು. ಸುಮ್ಮನಿರು, ಎಂದಿತು. ಇದು ನಿನ್ನ ದಾಳಿ, ಇನ್ನೊಂದು ಫೈನಲ್ ನಿನ್ನ ಆಯುಷ್ಯದಲ್ಲಿಲ್ಲ, ಎಂದಿತು. ರೆಫರಿ ಬೆವರು ಹತ್ತಿದ ಚೆಂಡನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಕೊರಿನ್‌ಳ ಅಂಗೈಗಳು ಗಾಲಿಗಳಿಗೆ ಅಂಟಿಕೊಂಡಿದ್ದವು.

ಕಿತ್ತುಕೊಂಡು ತಿರುಗಿದಳು. ತಮ್ಮ ಬದಲಿ ಆಟಗಾರ್ತಿಯರ ಸಾಲಿನ ಕಡೆ ಅವಳು ನುಗ್ಗಿದ ರಭಸಕ್ಕೆ ನೆಲದ ಮೆರುಗೆಣ್ಣೆ ಸುಟ್ಟ ವಾಸನೆ ಬಂತೆಂದು ಮುಂದಿನ ಸಾಲಿನವರು ಇವತ್ತಿಗೂ ಹೇಳುತ್ತಾರೆ.

"ಏಯ್, ಎಲ್ಲಿಗೇ ಹೋಗ್ತಿದೀಯ?" ಒಕ್ಸಾನಾ ಚೀರಿದಳು.

"ಟೆರಿನ್! ಮೇಜಿನ ಹತ್ರ ಹೋಗಿ ಬದಲಿ ಕೇಳೇ! ಓಡು!"

ಟೆರಿನ್ ಮೂಸ್ವಾ ತಂಡದ ಇನ್ನೊಬ್ಬ ಒಂದು ಅಂಕದವಳು. ಮೂವತ್ತೆಂಟನೆಯ ವಯಸ್ಸಿಗೆ ಹೊಸಬಳು; ಇಡೀ ಪಂದ್ಯಾವಳಿಯಲ್ಲಿ ಬೆವರಿದ್ದು ಚಪ್ಪಾಳೆ ತಟ್ಟಿಯೇ.

"ಓಡೋದಾ? ಕಾಲು ನೀನು ಕೊಡ್ತೀಯಾ?" ಎನ್ನುತ್ತಲೇ ಅವಳು ಮೇಜಿಗೆ ಡಿಕ್ಕಿ ಹೊಡೆದಳು.

ಭೋಂಕರಿಸಿತು ಬದಲಿಯ ಹಾರ್ನ್. ಆಗ ರೆಫರಿಯ ಚೆಂಡಿಗೂ ಆಟಗಾರ್ತಿಯ ಬೆರಳಿಗೂ ನಡುವೆ ಒಂದು ಸೊಳ್ಳೆ ಅಡ್ಡ ಹಾರುವಷ್ಟೇ ಜಾಗವಿತ್ತು. ಅರ್ಧ ಎತ್ತಿದ ಕೈಯಿಂದ ಬಾರ್ಲೊ ತಲೆ ಕೆರೆದುಕೊಂಡ. ಹೆಪ್ಪುಗಟ್ಟಿದ ಸರೋವರದ ತೂತಿನ ಬಾಯಿವರೆಗೆ ಬಂದ ಮೀನು ಗಾಳ ಕಚ್ಚಿಕೊಂಡೇ ವಾಪಸು ಹೋದರೆ ಬೆಸ್ತನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

ಅಂಗಳದ ಗೆರೆಯ ಮೇಲೆ ಎರಡು ಕುರ್ಚಿಗಳು ಎದುರಾದವು.

"ಡನೀಶಾಳ ಬಲಗಾಲಿ," ಎಂದಳು ಕೊರಿನ್. "ಬಲ. ಅವಳು ತಿರುಗೋದು ಬಲಕ್ಕೇ. ಮುಖ ನೋಡ್ಬೇಡ, ಗಾಲಿ ನೋಡು."

"ನನ್ ಕೈಲಾಗಲ್ಲ ಕಣೇ."

"ನನ್ ಕೈಲಂತೂ ಈಗ ಆಗಲ್ಲ. ಹೋಗು!"

ಚೆಂಡು ಒಳಬಂತು. ಒಕ್ಸಾನಾ ನುಗ್ಗಿದಳು. ಟೆರಿನ್ ಕಣ್ಣು ಮುಚ್ಚಿಕೊಂಡವಳಂತೆ ಹೋಗಿ ಡನೀಶಾಳಿಗೆ ಅಂಟಿದಳು, ಎಡಗಾಲಿಗೆ.

"ಬಲಾ! ಬಲಾನೇ ಮಾರಾಯ್ತಿ!" ಕೊರಿನ್‌ಳ ಗಂಟಲು ಹರಿಯಿತು.

ಅಷ್ಟರಲ್ಲಿ ಡನೀಶಾ ತಿರುಗಿದ್ದಳು. ತಿರುಗಿದ್ದು ಎಡಕ್ಕೆ. ಲೋಹಕ್ಕೆ ಲೋಹ ಕಚ್ಚಿತು. ಡನೀಶಾ ಎಳೆದಳು, ಜಗ್ಗಿದಳು, ಬೈದಳು, ಟೆರಿನ್ ಅಲ್ಲಾಡಲಿಲ್ಲ. ಒಕ್ಸಾನಾಳ ಎಸೆತ ಬುಟ್ಟಿಯ ಕಂಬಿಯ ಮೇಲೆ ಸುತ್ತತೊಡಗಿತು. ಅದು ಸುತ್ತಿ ಮುಗಿಸುವುದರೊಳಗೆ ಪ್ರೇಕ್ಷಕರಲ್ಲಿ ಇಬ್ಬರಿಗೆ ಪ್ರೀತಿಯಾಗಿ, ಮದುವೆಯಾಗಿ, ಜಗಳವೂ ಆಯಿತು. ಆಮೇಲೆ ಒಳಗೆ ಬಿತ್ತು.

ಎಲ್ಲರೂ ಟೆರಿನ್‌ಳ ಮೇಲೆ ಬಿದ್ದು ಕುಣಿಯುವಾಗ ಪ್ರೂಡನ್ ಬಿಳಿಚಿಕೊಂಡು ಕೊರಿನ್‌ಳ ಬಳಿ ಬಂದ.

"ಒಂದೂವರೆ," ಎಂದ. "ನಾನು ಮರ್ತೇಬಿಟ್ಟೆ ಕೊರಿನ್. ಸಾರಿ."

"ಒಂದು ಅಂತ ಕೂಗಿದ್ದು ನಾನಲ್ವಾ? ತಪ್ಪನ್ನೂ ನೀನೇ ಹೊಡ್ಕೋಬೇಡ, ನಂಗೂ ಸ್ವಲ್ಪ ಬಿಡು."

ಡನೀಶಾ ಗಾಲಿ ತಳ್ಳಿಕೊಂಡು ಬಂದು ಕೈ ಚಾಚಿದಳು. ಕಣ್ಣು ಕೆಂಪಾಗಿತ್ತು.

"ಇಡೀ ಚಳಿಗಾಲ ಎಡಕ್ಕೆ ತಿರುಗೋದು ಕಲ್ತೆ. ನಿನಗೋಸ್ಕರ, ಬರೀ ನಿನಗೋಸ್ಕರ. ಎಲ್ಲಿ ಹಾಳಾಗಿ ಹೋದೆ ಅಜ್ಜಿ ನೀನು?"

ಕೊರಿನ್ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ಕೊನೆಗೆ ಟೆರಿನ್ ಗುಂಪಿನಿಂದ ಬಿಡಿಸಿಕೊಂಡು ಬಂದಳು. "ನೀನು ಬಲ ಅಂದಿದ್ದೆ, ನಾನು ಗಾಬರೀಲಿ ಎಡಕ್ಕೆ ಹೋಗ್ಬಿಟ್ಟೆ ಕಣೇ. ಬೈಬೇಡ."

ಎಡ ಅಂತಲೇ ಹೇಳಿದ್ದು ನಾನು, ನಿನಗೇ ಸರಿಯಾಗಿ ಕೇಳಿಸಲಿಲ್ಲ, ಎಂಬ ಮಾತು ಕೊರಿನ್‌ಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿದಳು.

"ನಾನು ಒಳಗಿದ್ದಿದ್ರೆ ಸೋತಿರ್ತಿದ್ವಿ," ಎಂದಳು.

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಬಾಯಿಂದ ಎಂಥೆಂಥ ಕತೆ ನಂಬಿದ್ದ ಜನ, ಇದೊಂದನ್ನು ಮಾತ್ರ ನಂಬಲಿಲ್ಲ.