ಈದಿಗೆ ಬಂದ ಹಣ ಎಲ್ಲಿಂದ ಬಂತು?

ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಮನೆ ಕಟ್ಟಿಕೊಂಡವರಿಗೆ ಜುಲೈ ಬಂತೆಂದರೆ ಎದೆಯಲ್ಲಿ ಪುಕುಪುಕು. ಮದರಬೀ ಐವತ್ತು ವರ್ಷದಿಂದ ಈ ಹೊಳೆಯನ್ನು ನೋಡುತ್ತ ಬಂದವಳು. ಓಣಿಯಿಂದ ನೀರಿಗಿಳಿಯಲು ಹದಿನಾರು ಮೆಟ್ಟಿಲು. ಮೇಲೆ ಎಷ್ಟು ಉಳಿದಿವೆ ಎಂದು ನೋಡುವುದೇ ಆಕೆಯ ಮಳೆಗಾಲದ ಕೆಲಸ. ಆರು ಉಳಿದರೆ ಅಕ್ಕಿಚೀಲ ಅಟ್ಟಕ್ಕೆ, ಮೂರು ಉಳಿದರೆ ಮನೆ ಖಾಲಿ. ಈ ವಿಷಯದಲ್ಲಿ ಆಕೆಯ ಮಾತನ್ನು ಓಣಿಯಲ್ಲಿ ಯಾರೂ ತೆಗೆದುಹಾಕುವುದಿಲ್ಲ.

ಆ ಸೋಮವಾರ ಐದು ಉಳಿದಿದ್ದವು. ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಸೊಸೆ ಶೈಸ್ತಾ ಹೊಲಿಗೆ ಯಂತ್ರವನ್ನು ಮಂಚದ ಮೇಲೇರಿಸಿ ಅತ್ತೆಗೆ ಸಮಾಧಾನ ಹೇಳುತ್ತಿದ್ದಳು. ಸಾಮಾನು ಹೋದರೂ ಗೋಡೆಗೆ ವಿಮೆ ಇದೆಯಲ್ಲ ಎಂಬುದು ಆಕೆಯ ಧೈರ್ಯ. ಮನೆ ಕಟ್ಟಲು ಸಾಲ ತೆಗೆದಾಗ ಸಾಲ ಕೊಟ್ಟ ಕಂಪನಿಯೇ ಆ ಮನೆಗೆ ವಿಮೆ ಮಾಡಿಸಿತ್ತು. ಅದರಲ್ಲಿ ಬೆಂಕಿಯೂ ಇತ್ತು, ಪ್ರವಾಹವೂ ಇತ್ತು. ಈ ಫೆಬ್ರುವರಿಯಲ್ಲಿ ಬಡ್ಡಿ ಕಡಿಮೆ ಎಂದು ಸಾಲವನ್ನು ಬೆಳಗಾವಿಯ ಇನ್ನೊಂದು ಫೈನಾನ್ಸ್ ಕಂಪನಿಗೆ ಬದಲಾಯಿಸಿದ್ದರು. ಅವರೂ ವಿಮೆ ಮಾಡಿಸಿದ್ದಾರೆ ಎಂದು ಗಂಡ ಮುದಸ್ಸರ ಹೇಳಿದ್ದ. ಪೀರನವಾಡಿಯಲ್ಲಿ ಫ್ರಿಜ್ ರಿಪೇರಿ ಮಾಡುವ ಅವನು ಯಾವ ಯಂತ್ರವನ್ನೂ ಬಿಚ್ಚಿ ನೋಡದೆ ನಂಬುವವನಲ್ಲ. ಕಾಗದವನ್ನು ಮಾತ್ರ ತೆರೆಯದೆಯೇ ನಂಬಿಬಿಡುತ್ತಾನೆ.

ಪಕ್ಕದ ಮನೆಯ ಕುಂದಾ ಹಗ್ಗ ಕೇಳಲು ಬಂದರು. ಬೆಳಗಾವಿಯ ವಿಮಾ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕಾಗದಪತ್ರ ಎತ್ತರದಲ್ಲಿ ಇಟ್ಟಿದ್ದೀಯಾ ಎಂದು ಕೇಳಿದರು. ಶೈಸ್ತಾ ಹೆಮ್ಮೆಯಿಂದ ಫೈಲು ತಂದು ಕೈಗಿತ್ತಳು. ಕುಂದಾ ಕನ್ನಡಕ ಏರಿಸಿ ಓದಿದರು, ಹಾಳೆ ತಿರುವಿ ಮತ್ತೊಮ್ಮೆ ಓದಿದರು.

“ಶೈಸ್ತಾ, ಇದು ಮನಿ ವಿಮಾ ಅಲ್ಲ ತಂಗಿ. ಮುದಸ್ಸರನ ಜೀವದ ವಿಮಾ. ಆತಗ ಏನರ ಆದ್ರ ಸಾಲ ತೀರತೈತಿ. ಮನಿಗೆ ನೀರು ಬಂದ್ರ ಇದರಾಗ ಒಂದು ಪೈಸಾನೂ ಸಿಗೂದಿಲ್ಲ.”

ಹಾಗಾದರೆ ಹಳೆಯದು ಇರಬೇಕಲ್ಲ ಎಂದಳು ಶೈಸ್ತಾ. ಸಾಲ ಬದಲಾಯಿಸಿದ ಮೇಲೆ ವಿಮೆಯವರಿಂದ ಏನಾದರೂ ರೊಕ್ಕ ವಾಪಸ್ ಬಂದಿತ್ತೇ ಎಂದು ಕುಂದಾ ಕೇಳಿದರು. ಶೈಸ್ತಾಗೆ ಥಟ್ಟನೆ ನೆನಪಾಯಿತು. ಈದಿಗೆ ನಾಲ್ಕು ದಿನ ಇರುವಾಗ ಮುದಸ್ಸರನ ಖಾತೆಗೆ ಎರಡು ಸಾವಿರದ ಎಂಟುನೂರು ರೂಪಾಯಿ ಬಂದು ಬಿದ್ದಿತ್ತು. ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಹಬ್ಬದ ಬರಕತ್, ದೇವರ ಕೃಪೆ ಎಂದು ಮದರಬೀ ನೋಟುಗಳನ್ನು ಕಣ್ಣಿಗೊತ್ತಿಕೊಂಡಿದ್ದಳು. ಶೀರಖುರ್ಮಾ ಎಂಬ ಹಾಲುಪಾಯಸದ ಗೋಡಂಬಿ, ಖಾರೀಕು, ಹೊಸ ಬಟ್ಟೆ ಎಲ್ಲ ಅದರಲ್ಲೇ ಆಗಿದ್ದವು. ಅದು ಅವರ ಮನೆಯ ಪ್ರವಾಹ ವಿಮೆ ರದ್ದಾಗಿ, ಉಳಿದ ಅವಧಿಗೆ ಮರಳಿ ಬಂದ ಹಣ. ಈ ಮನೆಯವರು ತಮ್ಮ ರಕ್ಷಣೆಯನ್ನು ತಾವೇ ಹಾಲಿನಲ್ಲಿ ಕುದಿಸಿ ಕುಡಿದಿದ್ದರು.

ಸಂಜೆ ಬಂದ ಮುದಸ್ಸರ ಒಪ್ಪಲಿಲ್ಲ.

“ಅಕ್ಕಾರ, ಮನಿ ಅವರ ಕಡೆ ಅಡವು ಐತಿ. ಅದು ಹೋದ್ರ ಅವರಿಗೂ ಲುಕ್ಸಾನ. ಅವರು ಸುಮ್ಮ ಬಿಡ್ತಾರೇನ್ರಿ?”

“ಮನಿ ಮುಳುಗಿದ್ರೂ ನಿನ್ನ ಕಂತು ಮುಳುಗೂದಿಲ್ಲಪಾ. ಅದು ಅವರಿಗೆ ಗೊತ್ತೈತಿ,” ಎಂದರು ಕುಂದಾ.

ಮುದಸ್ಸರ ನಕ್ಕುಬಿಟ್ಟ. ಶೈಸ್ತಾಗೆ ನಗು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಅತ್ತೆಯನ್ನು ನೋಡಿಕೊಳ್ಳಲು ಗಂಡನನ್ನು ಮನೆಯಲ್ಲಿ ಬಿಟ್ಟು, ಕುಂದಾ ಜೊತೆ ಬೆಳಗಾವಿಯ ಬಸ್ಸು ಹತ್ತಿದಳು. ಹೊರಡುವಾಗ ನಾಲ್ಕು ಮೆಟ್ಟಿಲು ಉಳಿದಿದ್ದವು.

ಫೈನಾನ್ಸ್ ಕಂಪನಿಯ ಅಧಿಕಾರಿ ವಿಕ್ರಮ ಮರ್ಯಾದೆಯಿಂದಲೇ ಕೂರಿಸಿದ, ಕಡತ ತೆರೆದ. ಸಾಲ ಬದಲಾವಣೆಯ ದಿನ ಮುದಸ್ಸರ ಹಾಕಿದ ಸಹಿಗಳ ಕಟ್ಟಿನಲ್ಲಿ ಇಂಗ್ಲಿಷಿನ ಒಂದು ಹಾಳೆ ಇತ್ತು. ನನ್ನ ಮನೆಯ ವಿಮೆ ರದ್ದು ಮಾಡಿ ಎಂದು ವಿಮಾ ಕಂಪನಿಗೆ ಬರೆದ ಪತ್ರ. ಟೈಪು ಮಾಡಿದ್ದೂ ಕಳಿಸಿದ್ದೂ ಈ ಹೊಸ ಸಾಲದ ಕಂಪನಿ. ಸಹಿ ಮಾತ್ರ ಮುದಸ್ಸರನದು.

“ಹಳೇ ಪಾಲಿಸಿಯೊಳಗ ಹಳೇ ಕಂಪನಿ ಹೆಸರಿತ್ರಿ. ಅದಕ್ಕ ರದ್ದು ಮಾಡಿಸೇವಿ,” ಎಂದ ವಿಕ್ರಮ.

ಪಾಲಿಸಿಯಲ್ಲಿ ಸಾಲ ಕೊಟ್ಟವರ ಹೆಸರು ಬದಲಿಸಲು ಒಂದು ಅರ್ಜಿ ಸಾಕಿತ್ತು, ಪಾಲಿಸಿ ಹಾಗೇ ನಡೆಯುತ್ತಿತ್ತು, ರದ್ದು ಮಾಡುವ ಅಗತ್ಯವೇ ಇರಲಿಲ್ಲ ಎಂದರು ಕುಂದಾ. ವಿಕ್ರಮ ಕಂಪ್ಯೂಟರಿನ ಕಡೆ ತಿರುಗಿದ. ಶೈಸ್ತಾ ಕೇಳಿಯೇಬಿಟ್ಟಳು.

“ಹೊಸಾದು ಮನಿಗೆ ಮಾಡಿದ್ದಲ್ಲ ಅಂತ ಅವತ್ತ ನಮಗ ಹೇಳಿದ್ರೇನ್ರಿ?”

“ಅದು ಕಾಗದದಾಗ ಬರದೈತ್ರೀ,” ಎಂದ ಅವನು. ಅವನ ಧ್ವನಿ ಇಳಿದಿತ್ತು.

ಶೈಸ್ತಾ ಸಿಟ್ಟಿನಿಂದ ಎದ್ದು ನಿಂತಳು. ಕುಂದಾ ಅವಳ ಕೈ ಹಿಡಿದು ಕೂರಿಸಿ, ಅಲ್ಲೇ ದೂರು ಬರೆಸಿ, ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿದರು. ಅಷ್ಟರಲ್ಲಿ ಮುದಸ್ಸರನ ಫೋನು ಬಂತು. ಎರಡೇ ಮೆಟ್ಟಿಲು ಉಳಿದಿವೆ, ಮೂರಕ್ಕೇ ಮನೆ ಖಾಲಿ ಎನ್ನುತ್ತಿದ್ದ ಅಮ್ಮ ಈಗ ತಾನೇ ಮನೆ ಬಿಟ್ಟು ಬರಲು ಒಲ್ಲೆ ಅನ್ನುತ್ತಿದ್ದಾಳೆ ಎಂದ. ಈ ಸಲ ಅವನ ಮಾತಿನಲ್ಲಿ ನಗುವಿರಲಿಲ್ಲ.

ಇಬ್ಬರೂ ಆಟೋ ಹಿಡಿದು ವಿಮಾ ಕಚೇರಿಗೆ ಓಡಿದರು. ಹೊಸ ಪಾಲಿಸಿ ಇವತ್ತೇ ಕೊಡಿ ಎಂದು ಶೈಸ್ತಾ ಅಂಗಲಾಚಿದಳು. ಕಿಟಕಿಯಲ್ಲಿದ್ದ ನಿಂಗವ್ವ ಕುಂದಾರ ಹಳೆಯ ಸಹೋದ್ಯೋಗಿ. ಆಕೆಗೂ ಸಂಕಟವಾಯಿತು. ಆದರೂ ತಲೆ ಅಲ್ಲಾಡಿಸಿದಳು.

“ನೀರು ಬಾಗಲಕ್ಕ ಬಂದಾಗ ಮಾಡಿಸಿದ ವಿಮಾ ಆ ನೀರಿಗೆ ನಡಿಯೂದಿಲ್ರೀ ಅಕ್ಕಾರ. ಒಂದು ತಿಂಗಳ ಹಿಂದ ಬರಬೇಕಿತ್ತು.”

ಇಬ್ಬರೂ ಸಿಕ್ಕ ಬಸ್ಸಿಗೆ ವಾಪಸ್ ಹೊರಟರು. ಖಾನಾಪುರದಲ್ಲಿ ಇಳಿದು ಓಣಿಯ ತುದಿಗೆ ಬಂದಾಗ ಮೆಟ್ಟಿಲು ಒಂದೂ ಕಾಣಲಿಲ್ಲ. ಮುದಸ್ಸರ ತಾಯಿಯನ್ನು ಬೆನ್ನಮೇಲೆ ಹೊತ್ತು ಮೊಣಕಾಲು ನೀರಿನಲ್ಲಿ ಬರುತ್ತಿದ್ದ. ನಾಲ್ವರೂ ಕುಂದಾರ ಮನೆಯ ಮಾಳಿಗೆ ಏರಿದ ಸ್ವಲ್ಪ ಹೊತ್ತಿಗೆ ಶೈಸ್ತಾಳ ಮನೆಯ ಹಿಂದಿನ ಗೋಡೆ ಬಿದ್ದ ಸದ್ದು ಕೇಳಿಸಿತು. ಮುದಸ್ಸರ ಮುಖ ಮುಚ್ಚಿಕೊಂಡು ಕುಳಿತ.

ಮೂರು ದಿನಕ್ಕೆ ನೀರು ಇಳಿಯಿತು. ಜೀವ ಉಳಿಯಿತು, ಗೋಡೆ ಹೋಯಿತು, ಅಡಿಗೆಮನೆ ಹೋಯಿತು. ಅದಕ್ಕೆ ವಿಮೆಯ ಕಡೆಯಿಂದ ಬಿಡಿಗಾಸೂ ಬರಲಿಲ್ಲ. ಕೊಟ್ಟ ದೂರಿಗೆ ಸಾಲದ ಕಂಪನಿ ‘ಪರಿಶೀಲಿಸುತ್ತಿದ್ದೇವೆ’ ಎಂದಷ್ಟೇ ಉತ್ತರ ಬರೆದಿದೆ. ಶೈಸ್ತಾ ಬಿಟ್ಟಿಲ್ಲ, ಮುದ್ರೆ ಹಾಕಿದ ನಕಲು ಹಿಡಿದು ಮೇಲಿನವರಿಗೂ ಬರೆದಿದ್ದಾಳೆ.

ಆಗಸ್ಟ್ ಐದನೇ ತಾರೀಖು. ಮುದಸ್ಸರ ಕೆಸರು ಬಾಚುತ್ತಿದ್ದಾಗ ಕಿಸೆಯಲ್ಲಿ ಫೋನು ಗುಂಯ್ ಎಂದಿತು. ಮನೆ ಸಾಲದ ಕಂತು ಕಡಿತವಾಗಿದೆ ಎಂಬ ಸಂದೇಶ. ಅವನು ಅದನ್ನು ಓದಿ, ಸಲಿಕೆ ಅಲ್ಲೇ ಒರಗಿಸಿ, ಕುಂದಾರ ಬಾಗಿಲಿಗೆ ಹೋದ.

“ಅಕ್ಕಾರ, ಗ್ವಾಡಿ ಎಬ್ಬಸೂಣು. ಎದ್ದ ದಿನಾನ ಮನಿ ವಿಮಾ ಮಾಡಸೂಣು. ಈ ಸಲ ಕಾಗದ ನೀವು ಓದಿ ಹೇಳ್ರಿ, ಆಮ್ಯಾಲೆ ನಾ ಸಹಿ ಮಾಡ್ತೀನಿ.”

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಯೂ ಸಾಲದಲ್ಲಿದೆಯೇ? ಹಾಗಾದರೆ ಇವತ್ತೇ ಟ್ರಂಕು ತೆರೆಯಿರಿ. ವಿಮೆ ನಿಮ್ಮ ಜೀವಕ್ಕೋ ಮನೆಗೋ, ಅದರಲ್ಲಿ ಪ್ರವಾಹ ಎಂಬ ಮಾತಿದೆಯೋ, ಯಾವ ತಾರೀಖಿನವರೆಗೆ ಇದೆಯೋ ನೋಡಿ. ನಿಮಗೆ ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ಸಾಲ ಬದಲಾಯಿಸುವಾಗ ಹಳೆಯ ವಿಮೆ ರದ್ದು ಮಾಡಿ ಎಂದು ಯಾರಾದರೂ ಹೇಳಿದರೆ, ಮನೆಗೆ ಹೊಸ ವಿಮೆಯ ಪತ್ರ ಕೈಗೆ ಬರುವವರೆಗೆ ಪೆನ್ನು ಎತ್ತಬೇಡಿ. ಖಾತೆಗೆ ಗೊತ್ತಿಲ್ಲದ ಹಣ ಬಂದರೆ ಖರ್ಚು ಮಾಡುವ ಮುಂಚೆ ಎಲ್ಲಿಂದ ಬಂತೆಂದು ಕೇಳಿ. ಮದರಬೀಯಂತೆ ಮೆಟ್ಟಿಲು ಎಣಿಸುವವರು ನಿಮ್ಮ ಮನೆಯಲ್ಲೂ ಇರಬಹುದು. ಹದಿನಾರೂ ಕಾಣುತ್ತಿರುವಾಗಲೇ ಈ ಕೆಲಸ ಮುಗಿಸಿ.